ಮುಚ್ಚಿದ ಭರಣಿಯ ಮೇಷ್ಟ್ರು

ನಮ್ಮ ಸೈನ್ಸ್ ಮೇಷ್ಟ್ರು ನೀರು ಕುಡಿಯುವುದನ್ನು ನೋಡುವುದೇ ಒಂದು ತಮಾಷೆಯಾಗಿತ್ತು. ಲೋಟವನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಎರಡು ಗುಟುಕು ಕುಡಿಯುತ್ತಿದ್ದರು. ಎಷ್ಟು ಉಳಿದಿದೆ ಎಂದು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಮತ್ತೆ ಎರಡು ಗುಟುಕು. ತಳದಲ್ಲಿ ಉಳಿದ ಹನಿಯನ್ನು ಅವರು ಚೆಲ್ಲಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕಾಣಲಿಲ್ಲ. ಬೆರಳಿಗೆ ಹಚ್ಚಿಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದೇನೋ ವ್ರತವಿರಬೇಕೆಂದು ತಿಳಿಯುತ್ತಿದ್ದರು.

ವ್ರತವಲ್ಲ, ಪಾವಗಡ. ಅವರು ಆ ಕಡೆಯ ಹಳ್ಳಿಯವರು. "ನಮ್ಮೂರಾಗೆ ಮಜ್ಜಿಗೆ ಕೇಳಿದ್ರೆ ಕೊಡ್ತಾರೆ ಪಂಡಿತರೇ, ನೀರು ಕೇಳಿದ್ರೆ ಮಾತ್ರ ಯಾರ ಮನೆಯೋರು ಅಂತ ವಿಚಾರಿಸ್ತಾರೆ" ಎನ್ನುತ್ತಿದ್ದರು. ಅವರ ತಾಯಿ ಎರಡು ಮೈಲಿಯಾಚೆಯ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರಂತೆ. ತಂದ ನೀರು ಮೊದಲು ಎಮ್ಮೆಗೆ, ಆಮೇಲೆ ಮಕ್ಕಳಿಗೆ, ಉಳಿದರೆ ಆ ತಾಯಿಗೆ. ಇದನ್ನು ಹೇಳುವಾಗ ಮೇಷ್ಟ್ರ ಕನ್ನಡ ಜಾರಿ ತೆಲುಗಾಗಿಬಿಡುತ್ತಿತ್ತು. ಮನಸ್ಸಿಗೆ ಹತ್ತಿರವಾದ ಯಾವ ಮಾತು ಬಂದರೂ ಅವರಿಗೆ ಹಾಗಾಗುತ್ತಿತ್ತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಯ್ಯುತ್ತಿದ್ದರು. ಶಾಲೆಯ ವಾರ್ಷಿಕ ವರದಿಯಲ್ಲಿ ಒಮ್ಮೆ ಅವರ ಹೆಸರಿನ ಹಿಂದೆ ನಾನು ನಾಲ್ಕು ವಿಶೇಷಣ ಸೇರಿಸಿದ್ದಕ್ಕೆ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ನಾನು ಕನ್ನಡ ಪಂಡಿತ. ವಿಶೇಷಣ ನನ್ನ ಕಸುಬು. ಅವರಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು.

ಶಿರಾದ ಆ ಹೈಸ್ಕೂಲಿಗೆ ನಾನು ಬಂದದ್ದು ೧೯೫೮ರಲ್ಲಿ. ಬಂದ ವಾರವೇ ಇಬ್ಬರಿಗೂ ಚಂದ್ರನ ಮೇಲೆ ಜಗಳವಾಯಿತು. ನಾನು ತರಗತಿಯಲ್ಲಿ ಚಂದ್ರಮುಖಿಯ ವರ್ಣನೆ ಮಾಡುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ಅವರಿಗೆ ಕೇಳಿಸಿದೆ. ಗಂಟೆ ಹೊಡೆದ ಮೇಲೆ ಬಂದು ಬಾಗಿಲಲ್ಲಿ ನಿಂತರು.

"ಏಮಂಡಿ ಪಂಡಿತರೇ, ನಿಮ್ಮ ಚಂದ್ರಮುಖಿ ಮುಖದಾಗೆ ಬೊಟ್ಟು ನೀರಿಲ್ಲ, ಒಂದು ಹನೀನೂ ಇಲ್ಲ. ಗಾಳಿ ಇಲ್ಲ. ಹಗಲು ಹೋದ್ರೆ ಹಂಚಿನ ಮೇಲಿನ ರೊಟ್ಟಿ ಆಯ್ತೀರ. ಹುಡುಗ್ರಿಗೆ ಅದನ್ನೂ ಒಂಚೂರು ಹೇಳಿ."

"ಕಾವ್ಯಕ್ಕೆ ನೀರು ಯಾಕೆ ಬೇಕು ಸಾರ್?" ಎಂದೆ ನಾನು.

"ಕವಿಗೆ ಬೇಕಲ್ಲಪ್ಪ" ಎಂದು ಹೊರಟುಹೋದರು.

ಮಾರನೆಯ ದಿನ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ನಾನೇ ಹೋಗಿ ಕುಳಿತೆ. ಚಂದ್ರನಿಗೆ ಹೊರಟರೆ ಏನೇನು ಕಟ್ಟಿಕೊಳ್ಳುತ್ತೀರಿ ಎಂದು ಮಕ್ಕಳನ್ನು ಕೇಳುತ್ತಿದ್ದರು. ರಾಗಿರೊಟ್ಟಿ ಎಂದರು, ಕಂಬಳಿ ಎಂದರು, ಹುರಿಗಡಲೆ ಎಂದರು. ಒಬ್ಬ ಜಾಣೆ ನೀರಿನ ಚೊಂಬು ಎಂದಳು. ಮೇಷ್ಟ್ರು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, "ಸರಿ, ಈಗ ಎಲ್ರೂ ಮೂಗು ಮುಚ್ಕೊಳ್ಳಿ, ನಾನು ಇದನ್ನ ಓದಿ ಮುಗಿಸೋಗಂಟ ಬಿಡಬಾರದು" ಎಂದು ಬಹಳ ನಿಧಾನವಾಗಿ ಓದತೊಡಗಿದರು. ಹುರಿಗಡಲೆಗೆ ಬರುವಷ್ಟರಲ್ಲಿ ಇಡೀ ತರಗತಿ ಏದುಸಿರು ಬಿಡುತ್ತಿತ್ತು, ನನ್ನನ್ನೂ ಸೇರಿಸಿ. "ಏನು ಮರೆತ್ರಿ ಅಂತ ಗೊತ್ತಾಯ್ತಾ?" ಎಂದು ಕೇಳಿ, ಬೋರ್ಡಿನ ತುದಿಯಲ್ಲಿ 'ಗಾಳಿ' ಎಂದು ಬರೆದರು. ಆ ದಿನದಿಂದ ನಾನು ಅವರ ಕಡೆಯವನಾದೆ.

ಭರಣಿಯ ಕಥೆ ಶುರುವಾದದ್ದು ಮರುವರ್ಷ. ರಷ್ಯಾದವರ ರಾಕೆಟ್ಟು ಹೋಗಿ ಚಂದ್ರನ ಮೇಲೆ ಬಿತ್ತೆಂದು ಪೇಪರಿನಲ್ಲಿ ಬಂದ ವಾರ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ನನ್ನನ್ನು ಕಳ್ಳಂಬೆಳ್ಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳೆಯ ಕಲ್ಲುಕಟ್ಟಡದ ಬಾವಿ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಐವತ್ತರ ಹತ್ತಿರದ ಆ ಮನುಷ್ಯ ಕಲ್ಲಿನ ಸಂದಿಗೆ ಕಾಲು ಕೊಡುತ್ತಾ ಇಳಿದೇಬಿಟ್ಟರು. ಹೊಲದಲ್ಲಿದ್ದ ಮುದುಕ ಓಡಿಬಂದು, "ಯಾಕ್ ಸ್ವಾಮಿ, ಮನೇಲಿ ಏನಾರ ಮಾತು ಬಂತಾ? ಮೇಲಕ್ ಬಂದ್ಬುಡಿ, ಕೂತು ಮಾತಾಡಾನ" ಎಂದು ಕೂಗಿಕೊಂಡ. ಒಳಗಿನಿಂದ ಮೇಷ್ಟ್ರು, "ಗಿಡಕ್ಕೆ ಬಂದೆ ಕಣಪ್ಪಾ, ಗಿಡಕ್ಕೆ!" ಎಂದು ಕೂಗಿದರು. ಮುದುಕನಿಗೆ ನಂಬಿಕೆ ಬರಲಿಲ್ಲ. ಅವರು ಮೇಲೆ ಬರುವವರೆಗೂ ನನ್ನ ಕಡೆ ಅನುಮಾನದಿಂದ ನೋಡುತ್ತಾ ಅಲ್ಲೇ ನಿಂತಿದ್ದ.

ತಂದದ್ದು ಒಂದು ಪುಟ್ಟ ಜರಿಗಿಡ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಅಂಜಿ ಬಾವಿಯ ಗೋಡೆಯಲ್ಲಿ ಮಾತ್ರ ಹುಟ್ಟುವ ಗಿಡ. ಅದನ್ನು ಅಂಗಡಿಯವರು ಪೆಪ್ಪರಮೆಂಟು ಹಾಕಿಡುವಂಥ ದೊಡ್ಡ ಗಾಜಿನ ಭರಣಿಯೊಳಗೆ ಬಾವಿಯ ಮಣ್ಣು, ಪಾಚಿಗಳ ಸಮೇತ ನೆಟ್ಟರು. ಅಳತೆ ಮಾಡಿ ನೀರು ಹಾಕಿದರು. ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಬಿಗಿದು, ಒಂದು ಮರದ ಮಣೆಯ ಮೇಲೆ ಕಿಟಕಿಯ ಹತ್ತಿರ ಇಟ್ಟರು.

"ಇನ್ನು ಇದಕ್ಕೆ ನೀರು ಹಾಕೋ ಹಂಗಿಲ್ಲ, ಗಾಳಿ ಬಿಡೋ ಹಂಗಿಲ್ಲ" ಎಂದರು. "ಗಿಡ ಉಸಿರಾಡಿದ ನೀರು ಗಾಜಿಗೆ ಹತ್ತುತ್ತೆ, ಇಳಿದು ಬೇರಿಗೆ ಹೋಗುತ್ತೆ. ಇದೇ ನಮ್ಮ ಭೂಮಿ. ಚಂದ್ರನ ಮೇಲೆ ಮನುಷ್ಯ ಬದುಕಬೇಕಾದ್ರೆ ಇಂಥದೊಂದು ಭರಣಿ ಕಟ್ಟಿಕೊಂಡು ಅದರೊಳಗೇ ಕೂರಬೇಕು. ಮನುಷ್ಯ ಅಲ್ಲಿ ಕಾಲಿಡೋತಂಕ ಇದು ಬದುಕಿದ್ರೆ, ನಾನು ಹುಟ್ಟಿದ್ದಕ್ಕೆ ಒಂದು ಕೆಲಸ ಮಾಡಿದೆ ಅಂದ್ಕೋತೀನಿ."

ನಗುತ್ತಾ ಹೇಳಿದರೂ ಅದು ಆಟದ ಮಾತಾಗಿರಲಿಲ್ಲ. ಪ್ರಯೋಗಶಾಲೆಯೆಂಬ ಆ ಕೋಣೆಯಲ್ಲಿ ಆರು ಪ್ರನಾಳ, ಒಂದು ಮುರಿದ ತಕ್ಕಡಿ ಬಿಟ್ಟರೆ ಏನೂ ಇರಲಿಲ್ಲ. ಮದುವೆ ಮಾಡಿಕೊಳ್ಳದ ಮನುಷ್ಯ. ಆ ಭರಣಿಯೇ ಅವರ ಸಂಸಾರವಾಯಿತು.

ವರ್ಷಕ್ಕೊಮ್ಮೆ ಭರಣಿಯನ್ನು ಮಗುವಿನಂತೆ ಎತ್ತಿಕೊಂಡು ಕಡಲೇಕಾಯಿ ಮಂಡಿಯ ಸಾಹುಕಾರ್ ಸಾಬರ ಹತ್ತಿರ ತೂಕ ಹಾಕಿಸಲು ಹೋಗುತ್ತಿದ್ದರು. ಸಾಬರಿಗೆ ಚಂದ್ರನಲ್ಲಿ ವ್ಯಾಪಾರದ ಆಸಕ್ತಿ.

"ಅಲ್ಲಿ ಮಣ್ಣು ಹೆಂಗೈತೆ ಮೇಷ್ಟ್ರೇ? ಕಡ್ಲೇಕಾಯಿ ಬತ್ತದಾ?"

"ಮಣ್ಣು ಬೇಕಾದಷ್ಟಿದೆ ಸಾಬ್ರೇ. ಬರೀ ಪುಡಿ. ನೀರಿಲ್ಲ, ಗೊಬ್ಬರ ಇಲ್ಲ, ಎರೆಹುಳ ಇಲ್ಲ."

"ಅಂಗಾದ್ರೆ ನಮ್ಮ ಪಾವಗಡದಂಗೆ ಅನ್ನಿ" ಎಂದು ಸಾಬರು ನಕ್ಕರೆ, ಮೇಷ್ಟ್ರು ಮಾತ್ರ ನಗುತ್ತಿರಲಿಲ್ಲ. ಬಿಸಿಲು ಯಾವತ್ತೂ ಬೀಳದ ಆಳವಾದ ಗುಂಡಿಗಳು ಚಂದ್ರನಲ್ಲಿ ಇರಬಹುದು, ಬಾವಿಯ ಗೋಡೆಯಲ್ಲಿ ತೇವ ಉಳಿದ ಹಾಗೆ ಅಲ್ಲಿ ಮಂಜು ಉಳಿದಿರಬಹುದು ಎನ್ನುವುದು ಅವರ ಆಸೆ. ನೀರೊಂದು ಸಿಕ್ಕಿದರೆ ಅದನ್ನು ಒಡೆದು ಉಸಿರಿಗೆ ಗಾಳಿ ಮಾಡಿಕೊಳ್ಳಬಹುದು, ರಾಕೆಟ್ಟಿಗೂ ಅದನ್ನೇ ಉರಿಸಬಹುದು ಎಂದು ಸಾಬರಿಗೆ ಬಿಡಿಸಿ ಹೇಳುತ್ತಿದ್ದರು. "ನೀಳ್ಳು ಉಂಟೆ ಅನ್ನೀ ಉನ್ನಾಯಿ" ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ನೀರಿದ್ದರೆ ಎಲ್ಲವೂ ಇದ್ದಂತೆ.

ಊರಿನವರಿಗೆ ಅವರು ಬೇಕಾಗುತ್ತಿದ್ದುದು ರಂಜಾನ್ ಮುಗಿಯುವ ದಿನ. ಮಸೀದಿಯ ಹಿರಿಯರು ಮಧ್ಯಾಹ್ನವೇ ಹೇಳಿಕಳಿಸುತ್ತಿದ್ದರು. ಮೇಷ್ಟ್ರು ಲೆಕ್ಕ ಹಾಕಿ, ಸಂಜೆ ಎಲ್ಲರ ಜೊತೆ ಕೆರೆ ಏರಿಯ ಮೇಲೆ ನಿಂತು, ಇಂಥ ಕಡೆ, ಹುಣಸೆಮರದಿಂದ ಎರಡು ಗೇಣು ಎಡಕ್ಕೆ ಎಂದು ಕೈ ತೋರಿಸುತ್ತಿದ್ದರು. ಅಷ್ಟೇ. ತಮಗೆ ಮೊದಲು ಕಂಡರೂ ಬಾಯಿ ಬಿಡುತ್ತಿರಲಿಲ್ಲ. "ಲೆಕ್ಕ ನಂದು, ಕಣ್ಣು ನಿಮ್ಮದು. ಹಬ್ಬ ಮಾಡೋರೇ ನೋಡ್ಬೇಕು" ಎನ್ನುತ್ತಿದ್ದರು. ಯಾರಾದರೂ "ಚಾಂದ್!" ಎಂದು ಕೂಗಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗುತ್ತಿದ್ದವರು ಅವರೇ. ಒಂದು ವರ್ಷ ಮಾತ್ರ ಕನ್ನಡಕ ಮರೆತೆನೆಂದು ಶಾಲೆಗೆ ಹಿಂತಿರುಗಿ ಹೋದವರು ತಡವಾಗಿ ಏರಿಗೆ ಬಂದರು. ಚಂದ್ರ ಕಂಡನೇ ಎಂದು ಕೇಳಲೂ ಇಲ್ಲ. ನನ್ನ ಪಕ್ಕದಲ್ಲಿ ಸುಮ್ಮನೆ ನಿಂತರು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ.

ಇನ್ನು ಬೀಬಮ್ಮನ ವಿಷಯ ಹೇಳಬೇಕು. ಬೀಬಮ್ಮ ನಮ್ಮ ಶಾಲೆಯ ಆಯಾ. ಚಿಕ್ಕ ವಯಸ್ಸಿಗೇ ಗಂಡ ಹೋಗಿ, ಈ ನೌಕರಿಯಿಂದಲೇ ಮಗಳನ್ನು ಸಾಕಿ ಮದುವೆ ಮಾಡಿದಾಕೆ. ಬೆಳಿಗ್ಗೆ ಬಾಗಿಲು ತೆಗೆಯುವುದು, ಗುಡಿಸುವುದು, ಮಡಕೆಗೆ ನೀರು ತುಂಬುವುದು, ಸಂಜೆ ಬೀಗ ಹಾಕುವುದು ಆಕೆಯ ಕೆಲಸ. ೧೯೬೮ರ ಡಿಸೆಂಬರಿನಲ್ಲಿ, ರಂಜಾನಿನ ಕೊನೆಯ ಸಂಜೆ, ಎಲ್ಲರೂ ಏರಿಗೆ ಹೋಗಿದ್ದಾಗ, ನಾನು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ಶಾಲೆಯಲ್ಲೇ ಉಳಿದಿದ್ದೆ. ಅದೇ ವಾರ ಅಮೆರಿಕದ ಮೂವರು ಚಂದ್ರನನ್ನು ಸುತ್ತಿ ಬರಲು ಹೊರಟಿದ್ದರು. ಮೇಷ್ಟ್ರ ಕಾಲು ನೆಲದ ಮೇಲಿರಲಿಲ್ಲ. ಮಸೀದಿಯ ಕೂಗು ಕೇಳಿದಾಗ, ಪ್ರಯೋಗಶಾಲೆಯಲ್ಲಿ ಗಾಜಿನ ಸದ್ದಾಯಿತು. ಹೋಗಿ ನೋಡಿದರೆ ಭರಣಿಯ ಮುಚ್ಚಳ ತೆಗೆದಿದೆ. ಬೀಬಮ್ಮ ಬಿಸ್ಮಿಲ್ಲಾ ಎನ್ನುತ್ತಾ ಅರ್ಧ ಸೌಟು ನೀರು ಒಳಗೆ ಬಿಡುತ್ತಿದ್ದಾಳೆ.

"ಬೀಬಮ್ಮಾ!" ಎಂದು ಕೂಗಿದೆ.

ಸೌಟು ಆಕೆಯ ಕೈಯಿಂದ ಬಿತ್ತು. "ತೋಬಾ ತೋಬಾ. ಮೇಷ್ಟ್ರಿಗೆ ಹೇಳ್ಬೇಡಿ ಪಂಡಿತ್ರೇ."

"ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದೀಯ?"

"ಅದು ಬಂದ ವರ್ಷದಿಂದಾನೂ. ವರ್ಷಕ್ಕೆ ಒಂದೇ ಸಲ ಸ್ವಾಮಿ, ಕೊನೇ ಉಪವಾಸ ಬಿಡೋ ದಿನ. ನಾವು ಒಂದು ತಿಂಗಳು ಹಗಲೊತ್ತು ನೀರು ಕುಡಿಯಲ್ಲ. ಸಾಯಂಕಾಲ ಕುಡೀತೀವಲ್ಲ. ಇದರ ಉಪವಾಸ ಯಾರು ಬಿಡಿಸ್ತಾರೆ? ವರ್ಷಾನುಗಟ್ಲೆ ಬಾಯಿ ಮುಚ್ಚಿ ಕೂಡಿ ಹಾಕಿದ್ರೆ ಪಾಪ ಅಲ್ವಾ? ಒಂದು ವರ್ಷ ಜ್ವರ ಬಂದು ಮಲಗ್ಬುಟ್ಟೆ. ಆ ವರ್ಷ ಅದು ಹಂಗೇ ಬಾಯಾರಿ ಇತ್ತು. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ."

ಮುಚ್ಚಿದ ಭರಣಿ ಎಂದರೇನು, ಪ್ರಯೋಗವೆಂದರೇನು, ಒಮ್ಮೆ ತೆಗೆದರೂ ಎಲ್ಲ ಕೆಟ್ಟಂತೆ ಎಂದು ತಿಳಿಸಿದೆ. ಆಕೆಗೆ ಅರ್ಥವಾದದ್ದು ಒಂದೇ: ಮೇಷ್ಟ್ರ ಹತ್ತು ವರ್ಷದ ಕೆಲಸ ತನ್ನ ಕೈಯಿಂದ ಹಾಳಾಯಿತು. "ನನ್ನ ನೌಕ್ರಿ ಹೋಗ್ತದಾ?" ಎಂದು ಕೇಳಿದಳು. ಬಿದ್ದ ಸೌಟನ್ನು ಎತ್ತಿಕೊಳ್ಳುತ್ತಾ, "ನೌಕ್ರಿ ಹೋದ್ರೆ ಹೋಗ್ಲಿ. ಅವರು ಕೇಳಿದ್ರೆ ಎದೆ ಒಡ್ಕೊಂಬುಡ್ತಾರೆ" ಎಂದಳು.

ನಾನು ಹೇಳಲಿಲ್ಲ. ಒಂದು ಕಡೆ ಆಕೆಯ ನೌಕರಿ, ಇನ್ನೊಂದು ಕಡೆ ಅವರ ಎದೆ. ನನ್ನಂಥ ಪುಕ್ಕಲನಿಗೆ ಸುಮ್ಮನಿರುವುದೇ ಸುಲಭವಾಗಿ ಕಂಡಿತು. ಆದರೆ ಅಂದಿನಿಂದ ಅವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ಕಷ್ಟವಾಯಿತು.

೧೯೬೯ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಅದೇ ತಿಂಗಳ ಕೊನೆಗೆ ಮೇಷ್ಟ್ರ ನಿವೃತ್ತಿ. ಸಾಬರ ಮಂಡಿಯ ರೇಡಿಯೋದ ಮುಂದೆ ಅವರು ಮಕ್ಕಳ ಹಾಗೆ ಬಾಯಿ ತೆರೆದು ಕೂತಿದ್ದರು. ಅಲ್ಲಿಂದ ಕಲ್ಲು ತರುತ್ತಾರೆಂದು ತಿಳಿದು ಸಾಬರು, "ಕಲ್ಲಿಗೆ ಅಲ್ಲೀಗಂಟ ಹೋಗ್ಬೇಕಿತ್ತಾ? ನಮ್ಮ ಮಧುಗಿರಿ ಬೆಟ್ಟ ಏನಾಗಿತ್ತು?" ಎಂದರು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ, "ಆ ಕಲ್ಲಾಗೆ ಬೊಟ್ಟು ನೀರಿದೆಯಾ ನೋಡ್ತಾರೆ ಸಾಬ್ರೇ" ಎಂದರು.

ಬೀಳ್ಕೊಡುಗೆಯ ಸಮಾರಂಭಕ್ಕೆ ಬಿನ್ನವತ್ತಳೆ ಬರೆಯುವುದು ಪಂಡಿತನ ಪಾಲಿಗೇ ಬರಬೇಕಲ್ಲ. ಹೆಡ್‌ಮಾಸ್ಟರು ಭರಣಿಯನ್ನು ತುಮಕೂರಿನ ವಿಜ್ಞಾನ ಪ್ರದರ್ಶನಕ್ಕೆ ಕಳಿಸುವುದಾಗಿ ತೀರ್ಮಾನಿಸಿದ್ದರು. ಇನ್ಸ್‌ಪೆಕ್ಟರು ಬರುವವರಿದ್ದರು. "ಹತ್ತು ವರ್ಷ ಹೊರಗಿನ ಒಂದು ಹನಿಯೂ ಸೋಕದೆ ಬದುಕಿದ ಗಿಡ ಅಂತ ಜೋರಾಗಿ ಬರೀರಿ" ಎಂದು ನನಗೆ ಹೇಳಿದರು. ಬರೆದೆ. ಸುಳ್ಳೆಂದು ಗೊತ್ತಿದ್ದೂ ಬರೆದೆ. ಮೇಜಿನ ಮೇಲೆ ಹಾರ ಹಾಕಿದ ಭರಣಿ, ಹಿಂದೆ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡ ಬೀಬಮ್ಮ. ಆ ಸಾಲಿಗೆ ಬಂದಾಗ ನನ್ನ ನಾಲಿಗೆ ತೊದಲಿತು. ಹೇಗೋ ಓದಿ ಮುಗಿಸಿ ಬೆವರೊರೆಸಿಕೊಂಡೆ.

ಮೇಷ್ಟ್ರು ಎದ್ದು ನಿಂತರು. ಎಲ್ಲರಿಗೂ ನಮಸ್ಕಾರ ಮಾಡಿ ಹೇಳಿದರು: "ನಮ್ಮ ಪಂಡಿತರು ಪ್ರೀತಿಯಿಂದ ಬರ್ದವ್ರೆ. ಆದ್ರೆ ಅದರಾಗೆ ಒಂದು ಸಾಲು ಹೊಡೆದು ಹಾಕ್ಬೇಕು. ಈ ಭರಣಿ ಮುಚ್ಚಳ ನಾನು ಭದ್ರ ಮಾಡಿರಲಿಲ್ಲ. ತಪ್ಪು ನಂದು. ವರ್ಷಾವರ್ಷ ಒಳಕ್ಕೆ ನೀರು ಹೋಗಿದೆ. ತೂಕ ಹಾಕಿದೀನಿ, ನಂಗೊತ್ತು. ಇದು ಪ್ರಯೋಗ ಅಲ್ಲ, ಬರೀ ಗಿಡ. ತುಮಕೂರಿಗೆ ಕಳಿಸಬಾರದು."

ಇನ್ಸ್‌ಪೆಕ್ಟರ ಮುಂದೆ ಮುಖಭಂಗವಾದ ಹೆಡ್‌ಮಾಸ್ಟರು ಕಾಫಿಗೂ ನಿಲ್ಲಲಿಲ್ಲ. ಮೇಷ್ಟ್ರು ಭರಣಿಯ ಹಾರ ತೆಗೆದಿಟ್ಟು, ಮಣೆಯ ಸಮೇತ ಅದನ್ನು ಎತ್ತಿಕೊಂಡು ನೆಟ್ಟಗೆ ಬಾಗಿಲ ಹತ್ತಿರ ಹೋಗಿ ಬೀಬಮ್ಮನ ಕೈಗೆ ಕೊಟ್ಟರು. "ನಾನು ಪಾವಗಡದ ಬಿಸಿಲಿಗೆ ಹೋಗ್ತಾ ಇದೀನಿ ಬೀಬಮ್ಮ. ಅಲ್ಲಿ ಇದು ಉಳಿಯಲ್ಲ. ನೀವು ಇಟ್ಕೊಳ್ಳಿ. ಈ ಮಣೆ ಮಾತ್ರ ಬಿಸಾಡ್ಬೇಡಿ."

ಬಸ್ ಸ್ಟ್ಯಾಂಡಿನಲ್ಲಿ ನಾನು ಕೇಳಿಯೇಬಿಟ್ಟೆ. "ನಿಮಗೆ ಏನಾದರೂ ಗೊತ್ತಿತ್ತೇ ಸಾರ್?"

"ಬಸ್ಸು ಬಂತು ನೋಡಿ ಪಂಡಿತರೇ" ಎಂದರು. ಬಸ್ಸು ಬಂದಿರಲಿಲ್ಲ.

ನವೆಂಬರಿನಲ್ಲಿ ಅವರ ತಮ್ಮನಿಂದ ಒಂದು ಕಾರ್ಡು ಬಂತು. ಎರಡು ದಿನದ ಜ್ವರ, ಹೋಗಿಬಿಟ್ಟರು ಎಂದಿತ್ತು. ನನಗೆ ಅಷ್ಟು ಜಗಳವಾಡುವ ಗೆಳೆಯ ಇನ್ನೊಬ್ಬರಿರಲಿಲ್ಲ. ಆಮೇಲೆ ನೆನಪಾಯಿತು, ಬೀಬಮ್ಮನಿಗೆ ತಿಳಿಸಬೇಕು. ಆಕೆಯೂ ಆ ಹೊತ್ತಿಗೆ ಕೆಲಸ ಬಿಟ್ಟು ಮಗಳ ಮನೆ ಸೇರಿದ್ದಳು. ರಂಜಾನ್ ತಿಂಗಳು. ನಾನು ಹೋದಾಗ ಬಿಸಿಲು ಇಳಿಯುತ್ತಿತ್ತು.

ಸುದ್ದಿ ಕೇಳಿ ಆಕೆ ಗೋಡೆಗೆ ಒರಗಿ ಕುಳಿತಳು. ಭರಣಿ ಕಿಟಕಿಯ ಹತ್ತಿರವೇ ಇತ್ತು. ಮುಚ್ಚಳ ಬಿಗಿಯಾಗಿತ್ತು. ನಾನು ಹೇಳಿದ ಮೇಲೆ ಮತ್ತೆ ಅದನ್ನು ಮುಟ್ಟಿರಲಿಲ್ಲವಂತೆ.

"ಅವರಿಗೆ ಮೋಸ ಮಾಡ್ಬುಟ್ಟೆ ಪಂಡಿತ್ರೇ" ಎಂದಳು. "ಸಭೇಲಿ ತಪ್ಪು ನಂದು ಅಂದ್ರಲ್ಲ, ಅವತ್ತೇ ಕಾಲು ಹಿಡಿದು ಹೇಳ್ಬೇಕಿತ್ತು. ಬಾಯೇ ಬರ್ಲಿಲ್ಲ. ಇನ್ನು ಯಾರಿಗೆ ಹೇಳ್ಲಿ?"

ಅಳುತ್ತಲೇ ಎದ್ದು, ಭರಣಿಯನ್ನು ಕೆಳಗಿಳಿಸಿ ಮಣೆಯನ್ನು ತಿರುಗಿಸಿದಳು. ತಳದಲ್ಲಿ ಒಂದು ಕಾಗದ ಅಂಟಿಸಿತ್ತು. "ಮಣೆ ಬಿಸಾಡ್ಬೇಡಿ ಅಂದಿದ್ರು. ಇದರಾಗೆ ಏನೋ ಬರ್ದವ್ರೆ. ನಂಗೆ ಓದಾಕೆ ಬರಲ್ಲ. ಮಗಳಿಗೆ ತೋರ್ಸೋಕೂ ಭಯ. ಏನೈತೆ ಓದಿ."

ಮೇಷ್ಟ್ರ ಪುಟ್ಟ ಪುಟ್ಟ ಅಕ್ಷರ. ಕಿಟಕಿಗೆ ಹಿಡಿದು ಓದಿದೆ.

"೧೯೬೦. ಚಾಂದ್ ಆದ ಮಾರನೆಯ ವಾರ ತೂಕ. ಮೂರು ತೊಲ ಹೆಚ್ಚು. ಕಾರಣ ತಿಳಿಯದು.

"೧೯೬೧. ಕನ್ನಡಕದ ನೆಪ ಹೇಳಿ ಹಿಂತಿರುಗಿ ಬಂದು ಕಿಟಕಿಯಿಂದ ನೋಡಿದೆ. ಬೀಬಮ್ಮ. ಬೆಳಗಿನಿಂದ ನೀರು ಕುಡಿದಿಲ್ಲ. ಮೊದಲು ಗಿಡಕ್ಕೆ ಹಾಕಿದಳು. ಆಮೇಲೆ ತಾನು ಕುಡಿದಳು. ಪ್ರಯೋಗ ಮುಗಿಯಿತು. ಗಿಡ ಇರಲಿ.

"೧೯೬೨. ಮೂರು ತೊಲ. ಸರಿ.

"೧೯೬೩. ಸರಿ."

ಹಾಗೇ ಇಳಿಯುತ್ತಿತ್ತು ಪಟ್ಟಿ. ನಡುವೆ ತೊಲ ಹೋಗಿ ಗ್ರಾಮು ಬಂದಿತ್ತು. ಪ್ರತಿ ವರ್ಷದ ಮುಂದೆ 'ಸರಿ' ಎಂದು ಒಂದೇ ಮಾತು. ಒಂದು ಸಾಲಿನಲ್ಲಿ ಮಾತ್ರ ಬೇರೆ ಇತ್ತು.

"೧೯೬೬. ತೂಕ ಹೆಚ್ಚಿಲ್ಲ. ಬೀಬಮ್ಮನಿಗೆ ಜ್ವರ, ಹಾಸಿಗೆ ಹಿಡಿದಿದ್ದಾಳೆ. ಈ ವರ್ಷ ನಾನೇ ಹಾಕಿದೆ. ಅರ್ಧ ಸೌಟು."

ಬೀಬಮ್ಮ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. "ಇನ್ನೊಂದು ಸಲ ಓದಿ."

ಓದಿದೆ.

"ಅವರು ಹಾಕಿದ್ರಾ? ಅವರೇ ಹಾಕಿದ್ರಾ?" ಎಂದಳು. "ಅಂಗಾದ್ರೆ ಆ ವರ್ಷ ಅದು ಬಾಯಾರಿ ಇರ್ಲಿಲ್ಲ."

"ಇರಲಿಲ್ಲ ಬೀಬಮ್ಮ" ಎಂದೆ.

ಮಸೀದಿಯಿಂದ ಕೂಗು ಕೇಳಿಸಿತು. ಮಗಳು ಲೋಟದಲ್ಲಿ ನೀರು ತಂದು ತಾಯಿಯ ಕೈಗೆ ಕೊಟ್ಟಳು. ಹಬ್ಬದ ಚಂದ್ರ ಕಾಣುವುದಕ್ಕೆ ಇನ್ನೂ ಹನ್ನೊಂದು ದಿನವಿತ್ತು. ಬೀಬಮ್ಮ ಅಲ್ಲಿಯವರೆಗೆ ಕಾಯಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿ ಸರಿಸಿ ಮುಚ್ಚಳ ತೆಗೆದಳು. ಮೊದಲು ಗಿಡಕ್ಕೆ ಹಾಕಿದಳು. ಆಮೇಲೆ ತಾನು ಕುಡಿದಳು.